ಫೋಟೋದ ಅಂಚಿನಲ್ಲಿ ಉಳಿದ ಕೈ

ಓಂಕಾಳಿನ ವಾಸನೆ ಬಾಣಂತಿ ಕೋಣೆಯಿಂದ ಬರಲಿ, ನಿಪ್ಪಟ್ಟಿನ ಬಾಣಲೆಯಿಂದ ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ಶಿಕಾಗೋ ಬಳಿಯ ಓಕ್ ಬ್ರೂಕಿನಲ್ಲಿ, ಲೇಸಿನ ಪರದೆ ಇಳಿಬಿಟ್ಟ ಇಂಗ್ಲಿಷ್ ಟೀ ರೂಮೊಂದರಲ್ಲಿ, ಹೂವಿನ ಚಿತ್ರದ ಪಿಂಗಾಣಿ ತಟ್ಟೆಯಿಂದ ಬಿಸಿ ಬೆಣ್ಣೆಯ ಜೊತೆ ಅದು ಮೂಗಿಗೆ ಬಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ನೆನಪು ಆಮೇಲೆ ಬಂತು.

ಕಳೆದ ತಿಂಗಳ ಮಾತು. ಮಗಳಿಗೆ ಅಲ್ಲೇ ಹತ್ತಿರದ ಇಟಾಸ್ಕಾದಲ್ಲಿ ಕೆಲಸ. ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸಿನಿಂದ ಐದು ತಾಸು ಡ್ರೈವ್ ಮಾಡಿಕೊಂಡು ಅವಳನ್ನು ನೋಡಲು ಹೋಗಿದ್ದೆ. ಅಮ್ಮನಿಗೆ ಹಳೇ ಕಾಲದ ಟೀ ರೂಮುಗಳೆಂದರೆ ಜೀವ ಎಂದು ಅವಳಿಗೆ ಗೊತ್ತು. ಊರಿಗೆ ಹೋಗುವಾಗಲೆಲ್ಲ ಲಂಡನ್ನಿನಲ್ಲಿ ವಿಮಾನ ಬದಲಿಸುವ ನೆಪದಲ್ಲಿ ನಾನು ಎರಡು ದಿನ ಉಳಿದು, ಮರದ ಬೆಂಚಿನ, ಮಬ್ಬು ಕನ್ನಡಿಯ ಅಂಗಡಿಗಳನ್ನು ಹುಡುಕಿಕೊಂಡು ಅಲೆದವಳು. ಹಾಗಾಗಿ ಅವಳು ಪ್ರೀತಿಯಿಂದಲೇ ಟೇಬಲ್ ಬುಕ್ ಮಾಡಿದ್ದಳು. "ಅಮ್ಮಾ, ಯು ವಿಲ್ ಲವ್ ಇಟ್," ಅಂದಳು.

ಮೆನು ತೆಗೆದೆ. ಬ್ರೆಡ್ಡೂ ಅಲ್ಲದ, ಬಿಸ್ಕತ್ತೂ ಅಲ್ಲದ, ಮುರಿದರೆ ಪದರ ಬಿಡುವ ಆ ಸ್ಕೋನಿಗೆ ಅಲ್ಲಿ ಅರ್ಧ ಪುಟದ ವರ್ಣನೆ. ನಮ್ಮ ಸಂಸ್ಥಾಪಕಿಯ ಅಜ್ಜಿ ಇಂಗ್ಲೆಂಡಿನ ಯಾರ್ಕ್‌ಶೈರಿನ ತನ್ನ ಹಳ್ಳಿಯ ಒಲೆಯಲ್ಲಿ ಸುಡುತ್ತಿದ್ದ ಬೀಜದ ಸ್ಕೋನಂತೆ. ತಲೆಮಾರುಗಳಿಂದ ಗುಟ್ಟಾಗಿ ಉಳಿದುಬಂದ ಅಳತೆಯಂತೆ. ಯಾರ್ಕ್‌ಶೈರಿನ ಯಾವ ಅಜ್ಜಿ ಹಿತ್ತಲಿನಲ್ಲಿ ಓಂಕಾಳು ಬೆಳೆದಿದ್ದಳೋ ನನಗಂತೂ ತಿಳಿಯದು!

ಇನ್ನೊಂದು ತಮಾಷೆ ಕೇಳಿ. ಒಂದು ಪಾಟ್ ಟೀ ಹೇಳಿ, ಜೊತೆಗೆ ಒಂದು ಖಾಲಿ ಕಪ್ಪು ಕೊಡಿ ಎಂದೆ. ಬಡಿಸುವವಳು ಬಹಳ ವಿನಯದಿಂದ, ಇಲ್ಲಿ ತಲೆಗೊಂದು ಪಾಟ್, ಹಂಚಿಕೊಳ್ಳುವ ಹಾಗಿಲ್ಲ, ಅದು ನಮ್ಮ ಅಂಗಡಿಯ ಸಂಪ್ರದಾಯ ಎಂದಳು. ಸಂಪ್ರದಾಯ! ಮಗಳು ಮೇಜಿನ ಕೆಳಗೆ ನನ್ನ ಕಾಲು ಒತ್ತಿದಳು. ನಾನು ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದೆ. ತಿರುಗಬಾರದಿತ್ತು.

ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ದೊಡ್ಡ ಫೋಟೋ. ಬೆಳ್ಳಿಗೂದಲಿನ ಇಂಗ್ಲಿಷ್ ಅಜ್ಜಿಯೊಬ್ಬಳು ಅಂಗಡಿಯ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ. ಕೈಯಲ್ಲಿ ಒಂದು ಬೀಗದ ಕೈ ಹಿಡಿದು ಯಾರಿಗೋ ಚಾಚಿದ್ದಾಳೆ. ಕೆಳಗೆ 'ನಮ್ಮ ಸಂಸ್ಥಾಪಕಿ' ಎಂದು ಬರೆದಿತ್ತು. ಆಕೆ ಯಾರಿಗೆ ಚಾಚಿದ್ದಾಳೆ ಎಂಬುದು ಕಾಣುವುದಿಲ್ಲ. ಫೋಟೋದ ಎಡ ಅಂಚಿನಲ್ಲಿ ಸ್ಕೋನ್ ತುಂಬಿದ ಒಂದು ಟ್ರೇ, ಆ ಟ್ರೇ ಹಿಡಿದ ಒಂದು ಕೈ, ಕಂದು ಸ್ವೆಟರಿನ ತೋಳು, ಎರಡು ಹಸಿರು ಗಾಜಿನ ಬಳೆ... ಅಷ್ಟೇ. ಮುಂದಕ್ಕೆ ಚೌಕಟ್ಟು.

ಆ ಕೈ ನನಗೆ ಗೊತ್ತು. ನನ್ನ ಮಗಳಿಗೆ ಮೊದಲ ತುತ್ತು ಬೆಣ್ಣೆ ತಿನ್ನಿಸಿದ ಕೈ ಅದು.

ಮೈಸೂರಿನಿಂದ ಬಂದ ಹೊಸತರಲ್ಲಿ ನಾವು ಫಾರ್ಮಿಂಗ್ಟನ್ ಹಿಲ್ಸಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಆ ಊರಿನಲ್ಲಿ ಡ್ರೈವಿಂಗ್ ಬರದವಳು ಕಾಲಿಲ್ಲದವಳೇ ಸರಿ. ರಸ್ತೆಗೆ ಫುಟ್‌ಪಾತ್ ಕೂಡ ಇಲ್ಲ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹುಲ್ಲಿನ ಮೇಲೆ ನಡೆದರೆ ಕಾರಿನವರು ನಿಧಾನ ಮಾಡಿ, ಏನಾದರೂ ತೊಂದರೆಯಾಗಿದೆಯೇ ಎಂದು ಕೇಳುತ್ತಿದ್ದರು. ನಡೆಯುವುದೇ ಒಂದು ತೊಂದರೆಯ ಲಕ್ಷಣ ಅಲ್ಲಿ! ಅರ್ಧ ಮೈಲಿ ದೂರದ ಅಂಗಡಿಸಾಲಿನಲ್ಲಿ, ಡ್ರೈಕ್ಲೀನರ್‌ಗೂ ಹಲ್ಲಿನ ಡಾಕ್ಟರಿಗೂ ನಡುವೆ ಆ ಫೋಟೋದಲ್ಲಿರುವ ಟೀ ರೂಮು ಇತ್ತು. ನೀರು ಹೆಪ್ಪುಗಟ್ಟುವ, ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಯ ಒಂದು ಬೆಳಿಗ್ಗೆ ಕೈ ಬೆಚ್ಚಗಾದರೆ ಸಾಕೆಂದು ಒಳಗೆ ಹೋದೆ.

ಮಗಳು ಕೂತ ಕೂಡಲೇ ಮೇಜಿನ ಮೇಲಿನ ಕಪ್ಪಿಗೆ ಕೈ ಹಾಕಿದಳು. "ಮುಟ್ಬೇಡ್ವೇ, ಒಡ್ದೋಗತ್ತೆ," ಎಂದು ಗದರಿದೆ. ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ದನಿ ಬಂತು, "ಒಡೆದ್ರೆ ಒಡೀಲಿ ಬಿಡು ಬೇಟಾ, ಕಪ್ ತಾನೆ." ಅಮೆರಿಕದಲ್ಲಿ ಅಪರಿಚಿತರ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು. ತಲೆಯ ಮೇಲೆ ದುಪಟ್ಟಾ, ಕಂದು ಸ್ವೆಟರು, ಕೈಗೆಲ್ಲ ಮೈದಾ ಹಿಟ್ಟು. ಅವರೇ ನಮ್ಮ ಆಂಟಿ.

ಆಗ ಆ ಅಂಗಡಿ ಇಂಗ್ಲಿಷ್ ಅಜ್ಜಿಯದು. ಮುಂದೆ ನಿಲ್ಲುವುದು ಅಜ್ಜಿ, ಒಳಗೆ ಬೇಯಿಸುವುದು ಆಂಟಿ. ಆಂಟಿಯ ಊರು ಕೋಲಾರದ ಚಿನ್ನದ ಗಣಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಕಲಿತವರು. ಅವರ ತಂದೆ ಗಣಿಯ ಸಾಹೇಬರ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಅಡುಗೆಯವರು. ಸಾಹೇಬರು ತಮ್ಮ ಊರಿನ ಯಾವುದೋ ಬೀಜ ಹಾಕಿದ ಸ್ಕೋನ್ ಬೇಕೆಂದು ಹಟ ಹಿಡಿದರಂತೆ. ಆ ಬೀಜ ಗಣಿಯ ಸಂತೆಯಲ್ಲಿ ಎಲ್ಲಿಂದ ಬರಬೇಕು? ಆಂಟಿಯ ತಂದೆ ಒಂದು ಚಿಟಿಕೆ ಓಂಕಾಳು ಉಜ್ಜಿ ಹಾಕಿ ಕಳಿಸಿಬಿಟ್ಟರು. ಸಾಹೇಬರು ಕಣ್ಣು ಮುಚ್ಚಿಕೊಂಡು, ಆಹಾ ನಮ್ಮ ಊರು, ಎಂದು ತಿಂದರಂತೆ. ಈ ಕತೆ ಹೇಳುವಾಗಲೆಲ್ಲ ಆಂಟಿ ದುಪಟ್ಟಾದ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಆದರೆ ಆ ಕತೆಗೆ ನಗು ಬಾರದ ಒಂದು ಭಾಗವೂ ಇತ್ತು. ಕ್ಲಬ್ಬಿನ ಅಡುಗೆಮನೆಗೂ ಸಾಹೇಬರು ಕೂರುವ ಹಾಲಿಗೂ ನಡುವೆ ಒಂದು ಬಾಗಿಲು. ಸಾಹೇಬರು ಕೂತಿರುವಾಗ ಆಂಟಿಯ ತಂದೆ ಮೂವತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ದಾಟಲಿಲ್ಲ. ಇದನ್ನು ಮಾಡಿದವರು ಯಾರು ಎಂದು ಸಾಹೇಬರ ಕಡೆಯಿಂದ ಕೇಳಿಸಿದರೆ, ಬಿಳಿ ಗ್ಲೌಸು ಹಾಕಿದ ಬಟ್ಲರ್ ಮುಂದೆ ಬಂದು ತಲೆಬಾಗಿ ಸಲಾಮು ಹೊಡೆಯುತ್ತಿದ್ದ. "ನಮ್ಮ ಅಬ್ಬಾ ಬಾಗಿಲ ಸಂದೀಲಿ ನಿಂತು ನೋಡ್ತಿದ್ರು ಬೇಟಾ," ಎಂದು ಆಂಟಿ ಅಷ್ಟಕ್ಕೇ ನಿಲ್ಲಿಸುತ್ತಿದ್ದರು.

ತಂದೆಯ ಕಟ್ಟುನಿಟ್ಟೆಲ್ಲ ಮಗಳಿಗೆ ಬಂದಿತ್ತು. ಮೊದಲು ಖಾಲಿ ಪಾಟಿಗೆ ಕುದಿಯುವ ನೀರು ಸುರಿದು, ಬೆಚ್ಚಗಾದ ಮೇಲೆ ಚೆಲ್ಲಬೇಕು. ತಲೆಗೊಂದು ಚಮಚ ಟೀಪುಡಿ, ಪಾಟಿನ ಪಾಲಿಗೆ ಇನ್ನೊಂದು. ಆಮೇಲೆ ಪಾಟಿಗೆ ತಾವೇ ಹೆಣೆದ ಉಣ್ಣೆಯ ಕುಲಾವಿ ತೊಡಿಸಿ, ಮರಳಿನ ಗಡಿಯಾರ ಬೋರಲು ಹಾಕಿ, ಮರಳು ಪೂರ್ತಿ ಇಳಿಯುವ ತನಕ ಯಾರೂ ಮುಟ್ಟುವಂತಿಲ್ಲ. ನನ್ನ ಮಗಳು ಆ ಮರಳು ನೋಡುತ್ತಲೇ ತೆಪ್ಪಗೆ ಕೂತಿರುತ್ತಿದ್ದಳು. ನನ್ನ ಅತ್ತೆ ಬಂದಾಗ, ಅವರು ಮೊಟ್ಟೆ ಮುಟ್ಟುವುದಿಲ್ಲವೆಂದು ಬೇರೆ ಪಾತ್ರೆಯಲ್ಲಿ ಮೊಸರು ಹಾಕಿ ಕಲಸಿದ ಸ್ಕೋನ್ ಕೊಟ್ಟು, ಪಾತ್ರೆ ಬೇರೆಯೇ ಎಂದು ಒಳಗೆ ಕರೆದು ತೋರಿಸಿಯೂ ಬಿಟ್ಟರು.

ಒಂದು ಶನಿವಾರ ನನ್ನ ಗಂಡ ಸಂಕೋಚದಿಂದ, "ಆಂಟಿ, ಬೈ ಟೂ ಸಿಗುತ್ತಾ?" ಎಂದು ಕೇಳಿದರು. ಬೆಂಗಳೂರಿನ ಹೋಟೆಲಿನಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಳ್ಳುವ ಅಭ್ಯಾಸ ನಮಗೆ ಇನ್ನೂ ಹೋಗಿರಲಿಲ್ಲ. ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಈ ಮಾತು ಕೇಳಿ ಎಷ್ಟು ವರ್ಷ ಆಯ್ತೋ..." ಎನ್ನುತ್ತ ಎರಡನೇ ಕಪ್ಪನ್ನೂ ಬಿಸಿ ಮಾಡಿಯೇ ತಂದಿಟ್ಟರು. ಆ ಮಾತು ಇಂಗ್ಲಿಷ್ ಅಜ್ಜಿಗೂ ಹಿಡಿಸಿತು. ಟೋಪಿ ಹಾಕಿಕೊಂಡು ಬರುವ ತನ್ನ ಗೆಳತಿಯರಿಗಾಗಿ ಅವಳೂ ಅಡುಗೆಮನೆಯತ್ತ "ಬೈ ಟೂ!" ಎಂದು ಕೂಗುವಳು. ಆ ಅಂಗಡಿಯ ಸಂಪ್ರದಾಯ ಅದು. ಓಕ್ ಬ್ರೂಕಿನ ಹುಡುಗಿ ನನಗೆ ಸಂಪ್ರದಾಯ ಕಲಿಸಲು ಬಂದಳು.

ಅಜ್ಜಿಗೆ ಮಂಡಿನೋವು ಜಾಸ್ತಿಯಾಗಿ, ಫ್ಲಾರಿಡಾದ ತಂಗಿಯ ಮನೆಗೆ ಹೋಗುವುದೆಂದು ಆಯಿತು. ಅಂಗಡಿಯನ್ನು ಆಂಟಿಗೇ ಬಿಟ್ಟಳು. ಬೀಗದ ಕೈ ಕೊಡುವ ದಿನ ಅಡುಗೆಮನೆಯಲ್ಲಿ ಕೊಡುವುದಿಲ್ಲ, ಮುಂದಿನ ಬಾಗಿಲಿಗೇ ಬರಬೇಕು ಎಂದು ಹಟ ಹಿಡಿದಳು. ಆಂಟಿ ಟ್ರೇ ಹಿಡಿದುಕೊಂಡೇ ಬಂದರು. ಅದನ್ನು ಕೆಳಗಿಡಲು ಅವರಿಗೆ ಹೊಳೆಯಲೇ ಇಲ್ಲ. ನಾನು ನನ್ನ ಹೊಸ ಕ್ಯಾಮೆರಾದಲ್ಲಿ ಫೋಟೋ ತೆಗೆದೆ. ಹೌದು, ಆ ಫೋಟೋ ತೆಗೆದವಳು ನಾನೇ.

"ಒಂದು ಪ್ರಿಂಟ್ ಹಾಕ್ಸಿ ಕೊಡು ಬೇಟಾ. ಊರಲ್ಲಿ ನಮ್ಮ ತಮ್ಮಂಗೆ ಕಳಿಸ್ತೀನಿ. ಅಬ್ಬಾ ಫೋಟೋ ಪಕ್ಕ ಹಾಕ್ಲಿ. ಮಗಳು ಬಾಗಿಲು ದಾಟಿದ್ಳು ಅಂತ ಅವರಿಗೂ ಗೊತ್ತಾಗ್ಲಿ," ಅಂದರು ಆಂಟಿ. ನಾಳೆಯೇ ಹಾಕಿಸುತ್ತೇನೆ ಅಂದೆ.

ಮಾರನೆಯ ವಾರದಿಂದ ಆಂಟಿ ಮುಂದೆ ನಿಂತರು. ಇಸ್ತ್ರಿ ಮಾಡಿದ ದುಪಟ್ಟಾ, ಹೊಸ ಏಪ್ರನ್ನು. ಬಂದವರನ್ನು ತಾವೇ ಕರೆದು ಕೂರಿಸುತ್ತಿದ್ದರು. ಮೊದಲ ಶನಿವಾರವೇ ಟೋಪಿಯ ಹೆಂಗಸರಲ್ಲೊಬ್ಬಳು ಓನರ್ ಎಲ್ಲಿ ಎಂದು ಕೇಳಿದಳು. ನಾನೇ ಎಂದರು ಆಂಟಿ. ಅಲ್ಲ, ನಿಜವಾದ ಓನರ್ ಎಂದಳು ಅವಳು. ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಆಂಟಿ ನಗುತ್ತಲೇ ಬೀಗದ ಕೈ ತೆಗೆದು ತೋರಿಸಿದರು. ಆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಶುರುವಾಯಿತು ನೋಡಿ. ಸ್ಕೋನಿನ ರುಚಿ ಕೆಟ್ಟಿದೆಯಂತೆ! ಟೀ ಮೊದಲಿನಂತಿಲ್ಲವಂತೆ! ಅದೇ ಒಲೆ, ಅದೇ ಹಿಟ್ಟು, ಇವರು ವರ್ಷಗಟ್ಟಲೆ ಚಪ್ಪರಿಸಿಕೊಂಡು ತಿಂದದ್ದನ್ನು ಮಾಡಿದ ಅದೇ ಕೈ. ಬದಲಾದದ್ದು ಒಂದೇ, ಆ ಕೈಗೆ ಸೇರಿದ ಮುಖ ಈಗ ಅವರಿಗೆ ಕಾಣುತ್ತಿತ್ತು. ಇಂಟರ್ನೆಟ್ಟಿನಲ್ಲಿ ಯಾರೋ ಇದು ಅಸಲಿ ಇಂಗ್ಲಿಷ್ ಜಾಗವಲ್ಲ ಎಂದು ಬರೆದರು. ಅದನ್ನು ಓದಿ ಇನ್ನಾರೋ ಹೌದು ಹೌದು ಅಂದರು. ಇವತ್ತಿಗೂ ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ನಮ್ಮವರೇನು ಕಡಿಮೆ? ಕನ್ನಡ ಕೂಟದ ಅಂಕಲ್ ಒಬ್ಬರು ಕೂತು ಹುಕುಂ ಮಾಡಿದರು, "ಈ ಬಣ್ಣದ ನೀರು ಯಾರಿಗ್ರೀ ಬೇಕು? ಶುಂಠಿ ಜಜ್ಜಿ, ಹಾಲು ಹಾಕಿ ಕುದಿಸಿ ಕೊಡ್ರಿ. ಮಿರ್ಚಿ ಭಜಿ ಇಡ್ರಿ. ಮಂದಿ ಓಡಿ ಬರ್ತಾರ." ಆಂಟಿ ತಾಳ್ಮೆಯಿಂದ, "ಕುದಿಸಿದ ಟೀ ನಾನೂ ದಿನಾ ಮನೇಲಿ ಕುಡೀತೀನಿ ಸಾರ್. ಇದು ನಮ್ಮ ಅಬ್ಬಾ ಕಲಿಸಿದ್ದು," ಅಂದರು. ಬಿಳಿಯರಿಗೆ ಅದು ಇಂಗ್ಲಿಷರದ್ದು, ಆಂಟಿಯದಲ್ಲ. ನಮ್ಮವರಿಗೂ ಅದು ಇಂಗ್ಲಿಷರದ್ದು, ಆಂಟಿಗೆ ಯಾಕೆ ಬೇಕು? ಗಣಿಯ ಅಡುಗೆಯವನೊಬ್ಬ ಮೂವತ್ತು ವರ್ಷ ಒಲೆಯ ಮುಂದೆ ಬೆವರು ಸುರಿಸಿ ಕಲಿತ ವಿದ್ಯೆ ಅವನದೇ ಆಗಿರಬಹುದೆಂದು ಯಾರ ತಲೆಗೂ ಹೋಗಲಿಲ್ಲ.

ಇಷ್ಟೆಲ್ಲ ಬಯ್ಯುತ್ತಿರುವ ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಅಷ್ಟು ಹೊತ್ತಿಗೆ ನಾನು ಡ್ರೈವಿಂಗ್ ಕಲಿತಿದ್ದೆ, ಕಂಪ್ಯೂಟರ್ ಕೋರ್ಸ್ ಮುಗಿಸಿದ್ದೆ, ಈ ದೇಶ ನನಗೆ ಅರ್ಥವಾಗಿದೆ ಎಂಬ ಜಂಬ ಬೇರೆ. ಕೆಲಸಕ್ಕೆ ಅಪ್ಲೈ ಮಾಡುವಾಗ ನಮ್ಮವರೆಲ್ಲ ಹೆಸರು ಮೊಟಕು ಮಾಡಿಕೊಳ್ಳುತ್ತಿದ್ದರು, ಮನೆ ಮಾರುವಾಗ ದೇವರ ಪಟ ಇಳಿಸಿ, ಒಗ್ಗರಣೆ ವಾಸನೆ ಹೋಗಲೆಂದು ಮೇಣದಬತ್ತಿ ಹಚ್ಚುತ್ತಿದ್ದರು. ಅದನ್ನೇ ಜಾಣತನ ಎಂದು ನಾನೂ ಕಲಿತಿದ್ದೆ. ಒಂದು ಮಧ್ಯಾಹ್ನ ಖಾಲಿ ಮೇಜುಗಳ ನಡುವೆ ಕೂತು ಆಂಟಿಗೆ ಬುದ್ಧಿ ಹೇಳಿದೆ.

"ಆಂಟಿ, ತಪ್ಪು ತಿಳ್ಕೋಬೇಡಿ. ನೀವು ಒಳಗೇ ಇರಿ. ಮುಂದೆ ಯಾರಾದ್ರೂ ಅಮೆರಿಕನ್ ಹೆಂಗಸನ್ನ ಇಟ್ಕೊಳ್ಳಿ. ನಾನು ವೆಬ್‌ಸೈಟ್ ಮಾಡ್ಕೊಡ್ತೀನಿ, ಅದ್ರಲ್ಲಿ ಅಜ್ಜಿ ಫೋಟೋ ಹಾಕೋಣ."

ಆಂಟಿ ಮರಳಿನ ಗಡಿಯಾರವನ್ನು ಸುಮ್ಮನೆ ಬೋರಲು ಹಾಕಿದರು, ಮತ್ತೆ ಎತ್ತಿ ನಿಲ್ಲಿಸಿದರು... ಆಮೇಲೆ "ನಿಂಗೆ ಗೊತ್ತಿರುತ್ತೆ ಬೇಟಾ," ಅಂದರು. ನನಗೆ ಏನೂ ಗೊತ್ತಿರಲಿಲ್ಲ.

ಅಡುಗೆಮನೆಯ ಬಾಗಿಲ ಹಿಂದೆ ಮೂವತ್ತು ವರ್ಷ ನಿಂತ ತಂದೆಯ ಮಗಳನ್ನು, ಅವರು ದಾಟಿ ಬಂದ ಆರೇ ತಿಂಗಳಿಗೆ, ಮತ್ತೆ ಬಾಗಿಲ ಹಿಂದಕ್ಕೆ ಕಳಿಸಿದವಳು ನಾನು. ಆ ಟೋಪಿಯ ಹೆಂಗಸರು ಮುಖ ತಿರುಗಿಸಿದರು, ಅಷ್ಟೇ. ಒಳಗೆ ಹೋಗಿ ಎಂದು ಬಾಯಿಬಿಟ್ಟು ಹೇಳಿದ್ದು ನಾನು. ಆ ಫೋಟೋ ಕತ್ತರಿಸಿದವಳೂ ನಾನೇ. ಕಂಪ್ಯೂಟರಿನ ಮುಂದೆ ಕೂತು ಮೌಸಿನಿಂದ ಒಂದು ಗೆರೆ ಎಳೆದೆ. ಎಡಕ್ಕಿದ್ದ ಆಂಟಿ ಹೋದರು. ಇನ್ನೂ ಸ್ವಲ್ಪ ಎಳೆದಿದ್ದರೆ ಕೈಯೂ ಹೋಗುತ್ತಿತ್ತು. ಆದರೆ ಕೈಯ ಜೊತೆ ಸ್ಕೋನಿನ ಟ್ರೇಯೂ ಹೋಗುತ್ತಿತ್ತಲ್ಲ! ಅಂಗಡಿಯ ಜಾಹೀರಾತಿಗೆ ಸ್ಕೋನ್ ಬೇಡವೇ? ಹಾಗೆಂದು ಬಿಟ್ಟೆ.

ವೆಬ್‌ಸೈಟ್ ತೋರಿಸಿದಾಗ ಆಂಟಿ ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು. "ಚೆನ್ನಾಗಿದೆ. ಈ ಕೈ ನಂದಲ್ವಾ?" ಅಂದರು. ಹೌದು ಅಂದೆ. "ಇದನ್ನೂ ತೆಗೆದ್ಬಿಡು ಬೇಟಾ. ಬರೀ ಕೈ ಇದ್ರೆ, ಯಾರದು ಅಂತ ಯಾರಾದ್ರೂ ಕೇಳ್ತಾರೆ," ಅಂದರು. ಯಾರೂ ಕೇಳುವುದಿಲ್ಲ ಆಂಟಿ ಎಂದೆ ನಾನು. ಆ ಮಾತು ಮಾತ್ರ ನಿಜವಾಯಿತು.

ನನ್ನ ಉಪಾಯ ಫಲಿಸಿತು ಕೂಡ, ಅದೇ ಹೊಟ್ಟೆ ಉರಿಸುವ ಸಂಗತಿ. ಮುತ್ತಿನ ಸರ ಹಾಕಿದ ಒಬ್ಬ ನಡುವಯಸ್ಸಿನ ಹೆಂಗಸು ಮುಂದೆ ನಿಂತಳು. ಟೋಪಿಯವರು ವಾಪಸ್ ಬಂದರು. ರುಚಿಯೂ ವಾಪಸ್ ಬಂತಂತೆ! ಮುತ್ತಿನ ಸರದವಳಿಗೆ ಬೈ ಟೂ ಗೊತ್ತಿರಲಿಲ್ಲ, ಒಳಗಿದ್ದ ಆಂಟಿಗೆ ನಾವು ಬಂದದ್ದು ಕಾಣುತ್ತಿರಲಿಲ್ಲ. ನಾನೂ ಕೆಲಸ, ಹೊಸ ಬಡಾವಣೆಯಲ್ಲಿ ಹೊಸ ಮನೆ ಎಂದು ಹೋಗುವುದು ಕಡಿಮೆ ಮಾಡಿದೆ. ಸಿಕ್ಕಾಗಲೆಲ್ಲ ಆಂಟಿ ಪ್ರಿಂಟ್ ಕೇಳುತ್ತಿದ್ದರು. ಪೂರ್ತಿ ಇರೋದು, ಎಂದು ಮಾತ್ರ ಪ್ರತಿ ಸಲವೂ ಸೇರಿಸುತ್ತಿದ್ದರು. ನಾಳೆ, ಬರುವ ವಾರ, ಹಬ್ಬ ಮುಗಿಯಲಿ... ಹೀಗೇ ದಿನ ದೂಡಿದೆ. ಕೆಲವು ವರ್ಷದ ಮೇಲೆ ಅವರ ಮಂಡಿಯೂ ಸೋತಿತು. ಶಿಕಾಗೋ ಕಡೆಯ ಯಾರೋ ಅಂಗಡಿಯ ಹೆಸರು, ಪಾತ್ರೆಪಡಗ, ಅಳತೆ ಬರೆದ ಪುಸ್ತಕ, ಗೋಡೆಯ ಚಿತ್ರ, ವೆಬ್‌ಸೈಟಿನ ಫೋಟೋ ಎಲ್ಲವನ್ನೂ ಕೊಂಡುಕೊಂಡರು ಎಂದು ಕೇಳಿದೆ. ಆಂಟಿ ಟೆಕ್ಸಸ್ಸಿನ ಮಗನ ಮನೆಗೆ ಹೋದರು. ಎರಡು ವರ್ಷದ ಹಿಂದೆ ಯಾರೋ ವಾಟ್ಸ್ಯಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಹಾಕಿದರು. ಕೈಮುಗಿದ ಒಂದು ಚಿತ್ರ ಹಾಕಿ ನಾನು ಫೋನ್ ಕೆಳಗಿಟ್ಟಿದ್ದೆ.

ಓಕ್ ಬ್ರೂಕಿನಲ್ಲಿ ಆ ಸ್ಕೋನನ್ನು ತಟ್ಟೆಯಲ್ಲೇ ಬಿಟ್ಟೆ. ಮ್ಯಾನೇಜರನ್ನು ಕರೆಸಿದೆ. ನಿಮ್ಮ ಯಾರ್ಕ್‌ಶೈರಿನ ಬೀಜ ಕೋಲಾರದ್ದು, ನಿಮ್ಮ ಗುಟ್ಟಿನ ಅಳತೆ ಒಬ್ಬ ಮುಸಲ್ಮಾನ ಅಡುಗೆಯವರದ್ದು, ಅದನ್ನು ಈ ದೇಶಕ್ಕೆ ತಂದವರು ಅವರ ಮಗಳು, ಆ ಗೋಡೆಯ ಮೇಲಿರುವುದು ಅವರ ಕೈ ಎಂದು ನಿಂತುಕೊಂಡೇ ಹೇಳಿದೆ. ದನಿ ಏರಿತ್ತು. ಸುತ್ತಲಿನವರು ಚಮಚ ಕೆಳಗಿಟ್ಟು ನೋಡುತ್ತಿದ್ದರು. ಮ್ಯಾನೇಜರ್ ತಲೆ ಒಂದಿಷ್ಟು ವಾಲಿಸಿ, ಎಷ್ಟು ಚೆಂದದ ಕತೆ, ಹಂಚಿಕೊಂಡದ್ದಕ್ಕೆ ಧನ್ಯವಾದ ಎಂದು ನಕ್ಕು ಹೊರಟುಹೋದ. ಚೆಂದದ ಕತೆಯಂತೆ!

ಸದಾ ನನ್ನ ಜೋರು ದನಿಗೆ ನಾಚುವ ಮಗಳು ಅವತ್ತು ನಾಚಲಿಲ್ಲ. ಎದ್ದು ಫೋಟೋದ ಹತ್ತಿರ ಹೋದಳು. ಆ ಬಳೆಗಳನ್ನು ನೋಡುತ್ತ ಬಹಳ ಹೊತ್ತು ನಿಂತಳು. "ಐ ರಿಮೆಂಬರ್ ದೀಸ್, ಅಮ್ಮಾ," ಅಂದಳು. ಆಮೇಲೆ ನನಗಿಂತ ಹೆಚ್ಚು ಸಿಟ್ಟಿನಿಂದ ತಿರುಗಿದಳು. "ಹೂ ಡಸ್ ದಿಸ್? ಯಾರಮ್ಮಾ ಆಂಟೀನ ಕಟ್ ಮಾಡಿದ್ದು?"

ಕೊಂಡುಕೊಂಡವರ ಮೇಲೆ ಹಾಕಬಹುದಿತ್ತು. ಅವಳು ನಂಬುತ್ತಿದ್ದಳು.

"ನಾನೇ ಕಣೇ," ಅಂದೆ.

ಅವಳು ಬಿಲ್ಲು ತರಿಸಿ ಕೊಟ್ಟು ಕಾರಿನ ಕಡೆ ನಡೆದಳು. ಮಿಷಿಗನ್ನಿಗೆ ಹಿಂದಿರುಗಿದ ಮೇಲೆ ಹಳೆಯ ಕಂಪ್ಯೂಟರ್ ತೆಗೆದು ಪೂರ್ತಿ ಫೋಟೋ ಹುಡುಕಿದೆ. ಸಿಕ್ಕಿತು. ಆಂಟಿ ಕ್ಯಾಮೆರಾ ನೋಡುತ್ತಿಲ್ಲ, ಬೀಗದ ಕೈ ನೋಡುತ್ತಿದ್ದಾರೆ. ಹಿಂದೆ ಅಡುಗೆಮನೆಯ ಬಾಗಿಲು ತೆರೆದೇ ಇದೆ. ಎರಡು ಪ್ರಿಂಟ್ ಹಾಕಿಸಿದೆ, ಅಂಗಡಿಗೆ ಹೋಗಿ ಬರಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಒಂದನ್ನು ಓಕ್ ಬ್ರೂಕಿಗೆ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಇನ್ನೊಂದು ಆಂಟಿಯ ತಮ್ಮನಿಗೆ. ಅವರ ವಿಳಾಸ ಆಂಟಿಗೆ ಗೊತ್ತಿತ್ತು, ಟೆಕ್ಸಸ್ಸಿನ ಮಗನ ನಂಬರನ್ನೂ ನಾನು ಇಟ್ಟುಕೊಂಡಿಲ್ಲ. ಲಕೋಟೆಗೆ ಹಾಕಿ, ಚಿನ್ನದ ಗಣಿ ಎಂದಷ್ಟೇ ಬರೆದು, ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೇನೆ.